ಪರಿಹಾರ 9ನೇ ಕಾಲಂಗೆ, ನಷ್ಟ 12ನೇ ಕಾಲಂನವರಿಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮ ಊರಿನಲ್ಲಿ ಮುಂಗಾರು ಬೆಳೆ ಸಮೀಕ್ಷೆ ನಡೆಯಿತು. ಸಮೀಕ್ಷೆಗೆ ಬಂದಿದ್ದ ಹುಡುಗ ನಮ್ಮ ಜಮೀನಿನ ಬದುವಿನ ಮೇಲೆ ನಿಂತು, ಮೊಬೈಲ್‌ನಲ್ಲಿ ಸರ್ವೆ ನಂಬರ್ ಒತ್ತಿ, ಬೆಳೆಯ ಫೋಟೊ ತೆಗೆದು, ನೀರಾವರಿಯ ಮೂಲ ಕೊಳವೆಬಾವಿ ಎಂದು ತುಂಬಿದ. ಪರದೆಯ ಮೇಲೆ ಇದ್ದದ್ದು ನನ್ನ ಹೆಸರು. ಅವನ ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತಿದ್ದವರು, ಆ ಟೊಮ್ಯಾಟೊ ಸಸಿಗಳನ್ನು ಸಾಲ ಮಾಡಿ ತಂದು ನಾಟಿ ಮಾಡಿದವರು, ಬೇರೊಬ್ಬರು. ಹತ್ತು ವರ್ಷಗಳಿಂದ ಆ ಜಮೀನನ್ನು ಗುತ್ತಿಗೆಗೆ ಮಾಡಿಕೊಂಡು ಬರುತ್ತಿರುವ ಅವರ ಹೆಸರನ್ನು ಎಲ್ಲಿ ಬರೆಯುತ್ತೀಯಪ್ಪ ಎಂದು ಕೇಳಿದೆ. 'ಪಹಣಿಯಲ್ಲಿ ಇರೋ ಹೆಸರೇ ಬರೋದು ಸಾರ್' ಎಂದು ಹೇಳಿ ಅವನು ಪಕ್ಕದ ಹೊಲಕ್ಕೆ ಹೋದ. ಪಹಣಿ ಎಂದರೆ ಜಮೀನಿನ ಕಂದಾಯ ದಾಖಲೆ; ಅದರ 9ನೇ ಕಾಲಂ ಮಾಲೀಕನದು, 12ನೇ ಕಾಲಂ ಸಾಗುವಳಿ ಮಾಡುವವನದು. ಅವನ ತಪ್ಪೇನೂ ಇಲ್ಲ. ಆದರೆ ಆ ಮಾತು ನನ್ನನ್ನು 2020ರ ಬೇಸಿಗೆಗೆ ಕರೆದೊಯ್ದಿತು. ಕೊರೋನಾ ಕಾಲದಲ್ಲಿ ಸರ್ಕಾರ ರೈತರಿಗೆ ಕೊಟ್ಟ ಪರಿಹಾರ ಯಾರ ಕೈ ಸೇರಿತು ಎಂಬ ವಿಚಾರ ಅಂದೇ ಚರ್ಚೆಯಾಗಬೇಕಿತ್ತು. ಆಗಲಿಲ್ಲವಾದ್ದರಿಂದ ಇಷ್ಟು ತಡವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನು, ನಿವೃತ್ತ ಶಾಲಾ ಶಿಕ್ಷಕ. ನಮ್ಮ ಕಡೆ ಹೂವು, ತರಕಾರಿ, ದ್ರಾಕ್ಷಿ, ರೇಷ್ಮೆ ಇವುಗಳಿಂದಲೇ ಬದುಕು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಯಿತು. ಮರುದಿನ, ಮಾರ್ಚ್ 25, ಯುಗಾದಿ. ಹೂ ಬೆಳೆಗಾರರಿಗೆ ಇದಕ್ಕಿಂತ ಕೆಟ್ಟ ದಿನ ಬೇರೆ ಸಿಗುತ್ತಿರಲಿಲ್ಲ. ಯುಗಾದಿಗೆ ಕೈಗೆ ಬರಲಿ ಎಂದು ಲೆಕ್ಕ ಹಾಕಿ ನಾಟಿ ಮಾಡಿದ್ದ ಚೆಂಡು ಹೂ ಹೊಲ ತುಂಬ ಅರಳಿ ನಿಂತಿತ್ತು. ಯುಗಾದಿ ಹೋದರೂ ಶ್ರೀರಾಮನವಮಿ ಇದೆ, ಊರೂರ ಜಾತ್ರೆ ಇದೆ, ಮದುವೆಗಳಿವೆ ಎಂದು ಬೇರೆ ವರ್ಷಗಳಲ್ಲಿ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆ ವರ್ಷ ಅವೆಲ್ಲ ಒಂದರ ಹಿಂದೊಂದು ನಿಂತುಹೋದವು. ನಮ್ಮ ಜಮೀನು ಮಾಡುತ್ತಿದ್ದವರು ಬೆಳಿಗ್ಗೆ ಮನೆ ಬಾಗಿಲಿಗೆ ಬಂದು, 'ಬಿಡಿಸೋ ಕೂಲಿ ಕೊಟ್ಟು ಹೂ ಬಿಡಿಸಿದ್ರೂ ಎಲ್ಲಿಗೆ ಹಾಕೋಣ ಮೇಷ್ಟ್ರೇ? ಬಸ್ಸೂ ಇಲ್ಲ, ಮಾರ್ಕೆಟ್ಟೂ ಇಲ್ಲ' ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹೂ ಗಿಡದಲ್ಲೇ ಕಂದು ತಿರುಗಿ ಒಣಗಿತು. ಹದಿನೈದು ದಿನ ಕಾದು, ಏಪ್ರಿಲ್ ಎರಡನೇ ವಾರದಲ್ಲಿ ಅವರು ಬಾಡಿಗೆ ಟ್ರ್ಯಾಕ್ಟರ್ ತಂದು ರೊಟವೇಟರ್ ಹೊಡೆಸಿದರು. ಆ ಟ್ರ್ಯಾಕ್ಟರ್ ಬಾಡಿಗೆಯೂ ಸಾಲದ ಲೆಕ್ಕಕ್ಕೇ ಸೇರಿತು. ನನ್ನ ಗುತ್ತಿಗೆ ಹಣವನ್ನಂತೂ ಅವರು ವರ್ಷದ ಆರಂಭದಲ್ಲೇ ಕೊಟ್ಟುಬಿಟ್ಟಿದ್ದರು. ಎಂದರೆ ಆ ಬೆಳೆ ನಾಶವಾದದ್ದರಿಂದ ಜಮೀನಿನ ಮಾಲೀಕನಾದ ನನಗೆ ಒಂದು ರೂಪಾಯಿಯ ನಷ್ಟವೂ ಆಗಲಿಲ್ಲ.

ಅದೇ ವರ್ಷ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರ ಪ್ಯಾಕೇಜ್ ಪ್ರಕಟಿಸಿದರು. ರಾಜ್ಯದಲ್ಲಿ 11,687 ಹೆಕ್ಟೇರ್‌ನಲ್ಲಿ ಹೂ ಬೆಳೆದಿದ್ದಾರೆ, ಅವರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ ಗರಿಷ್ಠ ಒಂದು ಹೆಕ್ಟೇರಿಗೆ ಸೀಮಿತವಾಗಿ ಪರಿಹಾರ ಕೊಡುತ್ತೇವೆ ಎಂದರು. ಆಮೇಲೆ ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂಪಾಯಿ ಘೋಷಣೆಯಾಯಿತು. ಹೆಕ್ಟೇರ್ ಎಂದರೆ ಎರಡೂವರೆ ಎಕರೆಗೆ ತುಸು ಕಡಿಮೆ. ಹೂವಿಗೆ ಬಂದದ್ದು ಎಕರೆಗೆ ಹತ್ತು ಸಾವಿರ ಚಿಲ್ಲರೆ, ಗುಂಟೆ ಲೆಕ್ಕದಲ್ಲಿ ಸುಮಾರು 250 ರೂಪಾಯಿ. ಇದು ಬೆಳೆಯ ಖರ್ಚಿನ ಒಂದು ಭಾಗವೇ ಹೊರತು ಬೆಲೆಯಲ್ಲ. ಆದರೂ ಅಂದಿನ ಸ್ಥಿತಿಯಲ್ಲಿ ಸರ್ಕಾರ ಅಷ್ಟಾದರೂ ನೆನಪಿಟ್ಟುಕೊಂಡು ಕೊಟ್ಟಿತು ಎಂಬುದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಹೂ ಬೆಳೆಗಾರನನ್ನು ಹೆಸರಿಟ್ಟು ಕರೆದು ಪರಿಹಾರ ಕೊಟ್ಟದ್ದನ್ನು ನನ್ನ ತಿಳಿವಳಿಕೆಯಲ್ಲಿ ಅದುವರೆಗೆ ನಾನು ಕಂಡಿರಲಿಲ್ಲ. ಒಂದು ಹೆಕ್ಟೇರಿನ ಮಿತಿಯೂ ಸರಿಯಾದದ್ದೇ. ಇರುವಷ್ಟು ಹಣ ಹೆಚ್ಚು ಜನಕ್ಕೆ ಹಂಚಿಕೆಯಾಗಲು ಅದು ನೆರವಾಯಿತು.

ತೊಂದರೆ ಇದ್ದದ್ದು ಬೇರೆ ಕಡೆ. ಅರ್ಜಿಯ ಜೊತೆಗೆ ಕೇಳಿದ್ದು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ನಮ್ಮ ಗುತ್ತಿಗೆದಾರರು ಹೋಬಳಿ ಮಟ್ಟದ ಒಂದು ಕಚೇರಿಗೆ ಹೋಗಿ ಬಂದರು. ಅಲ್ಲಿನ ಸಿಬ್ಬಂದಿ ಗೌರವದಿಂದಲೇ ಮಾತನಾಡಿಸಿ, ಪಹಣಿ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಹಾಕಬೇಕೆಂದು ತಿಳಿಸಿ ಕಳುಹಿಸಿದರಂತೆ. ಕೊನೆಗೆ ನಾನೇ ಅರ್ಜಿ ಹಾಕಿದೆ. ಮಳೆಗಾಲ ಅರ್ಧ ಕಳೆದ ಮೇಲೆ ಹಣ ನನ್ನ ಖಾತೆಗೆ ಜಮೆಯಾಯಿತು. ಅದನ್ನು ಬಿಡಿಸಿಕೊಂಡು ಹೋಗಿ ಅವರ ಕೈಗೆ ಕೊಟ್ಟಾಗ ಅವರು ಆಡಿದ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿದೆ: 'ನಿಮ್ಮ ಹೆಸರಿಗೆ ಬಂದ ದುಡ್ಡು ಅಲ್ವಾ ಮೇಷ್ಟ್ರೇ, ಅರ್ಧ ನೀವೇ ಇಟ್ಕೊಳ್ಳಿ.' ತಮ್ಮ ಬೆಳೆ, ತಮ್ಮ ಸಾಲ, ತಮ್ಮ ನಷ್ಟ. ಪರಿಹಾರ ಮಾತ್ರ ಇನ್ನೊಬ್ಬರ ದಯೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. ಪೂರ್ತಿ ಹಣವನ್ನು ಅವರಿಗೇ ಕೊಟ್ಟೆ ಎಂಬುದನ್ನು ದೊಡ್ಡಸ್ತಿಕೆಗಾಗಿ ಇಲ್ಲಿ ಬರೆಯುತ್ತಿಲ್ಲ. ಸರ್ಕಾರದ ಪರಿಹಾರ ನಿಜವಾದ ಬೆಳೆಗಾರನಿಗೆ ತಲುಪಬೇಕಾದರೆ ಅದು ಮಾಲೀಕನ ಮನಸ್ಸನ್ನು ಅವಲಂಬಿಸಿತ್ತು ಎಂಬುದನ್ನು ತೋರಿಸಲು ಬರೆಯುತ್ತಿದ್ದೇನೆ. ನಮ್ಮ ಸುತ್ತಮುತ್ತಲೇ, ಬೆಂಗಳೂರಿನಲ್ಲಿ ನೆಲೆಸಿರುವ ಮಾಲೀಕರ ಖಾತೆಗೆ ಹಣ ಬಂದು ಹೋಗಿ, ಹೂ ಬೆಳೆದವರಿಗೆ ಅದು ಬಂದ ಸುದ್ದಿಯೂ ತಿಳಿಯದೆ ಉಳಿದ ಉದಾಹರಣೆಗಳನ್ನು ನಾನು ಬಲ್ಲೆ.

ಅದೇ ಪ್ಯಾಕೇಜ್‌ನಲ್ಲಿ ಕ್ಷೌರಿಕ ಮತ್ತು ಅಗಸ ವೃತ್ತಿಯವರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಲಾಗಿತ್ತು. ಕ್ಷೌರದ ಅಂಗಡಿ ಮುಚ್ಚಿದ್ದಕ್ಕೆ ಕೊಟ್ಟ ಹಣ ಅಲ್ಲಿ ಕತ್ತರಿ ಹಿಡಿದು ದುಡಿಯುವವನಿಗೆ ಹೋಯಿತು, ಅಂಗಡಿಯ ಕಟ್ಟಡದ ಮಾಲೀಕನಿಗೆ ಹೋಗಲಿಲ್ಲ. ಯಾರ ದುಡಿಮೆ ನಿಂತಿತೋ ಅವರಿಗೆ ನೆರವು ಎಂಬ ಸರಳ ನ್ಯಾಯ ಅಲ್ಲಿ ಪಾಲನೆಯಾಯಿತು. ಒಕ್ಕಲುತನಕ್ಕೆ ಬಂದಾಗ ಮಾತ್ರ ನಾವು ದುಡಿಯುವವನನ್ನು ಬಿಟ್ಟು ಮಣ್ಣಿನ ಒಡೆಯನನ್ನು ಹುಡುಕಿಕೊಂಡು ಹೋದೆವು.

ಇದು ಹೂವಿನದೊಂದೇ ಕಥೆಯಲ್ಲ. ಕೋಳಿ ತಿಂದರೆ ಕೊರೋನಾ ಬರುತ್ತದೆಂಬ ವದಂತಿಯಿಂದ ಕೋಳಿ ಉದ್ಯಮ ನೆಲಕಚ್ಚಿ, ಅದರ ಬೆನ್ನಿಗೆ ಕೋಳಿಗಳ ಆಹಾರವಾದ ಮೆಕ್ಕೆಜೋಳದ ದರ ಕ್ವಿಂಟಲಿಗೆ 1,760 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಕ್ಕೆ ಕುಸಿದಾಗ, ರಾಜ್ಯ ಸರ್ಕಾರ ಹತ್ತು ಲಕ್ಷ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿಯಂತೆ 500 ಕೋಟಿ ರೂಪಾಯಿ ತೆಗೆದಿಟ್ಟಿತು. ಕೇಂದ್ರ ಸರ್ಕಾರ ಪಿಎಂ-ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತನ್ನು ಏಪ್ರಿಲ್‌ನಲ್ಲೇ ಮುಂಚಿತವಾಗಿ ಬಿಡುಗಡೆ ಮಾಡಿತು. ಪಿಎಂ-ಕಿಸಾನ್ ನಿಯಮದಲ್ಲಂತೂ ಜಮೀನು ಹೆಸರಿನಲ್ಲಿಲ್ಲದ ಗೇಣಿದಾರನಿಗೆ ಸ್ಥಾನವೇ ಇಲ್ಲ. 2021ರಲ್ಲಿ ಎರಡನೇ ಅಲೆ ಹಳ್ಳಿಗಳಿಗೆ ನುಗ್ಗಿ ಮನೆಮನೆಯಲ್ಲೂ ಸಾವು ಕಂಡಾಗ, ಮೇ 19ರಂದು ಪ್ರಕಟವಾದ 1,250 ಕೋಟಿಯ ಪ್ಯಾಕೇಜ್‌ನಲ್ಲಿ ಹೂವಿನ ಪರಿಹಾರ ಹೆಕ್ಟೇರಿಗೆ 10,000ಕ್ಕೆ ಇಳಿಯಿತು. ಎಕರೆಗೆ ನಾಲ್ಕು ಸಾವಿರ, ಗುಂಟೆಗೆ ನೂರು ರೂಪಾಯಿ. ಅದೂ ಪಹಣಿಯ ದಾರಿಯಲ್ಲೇ ಹೋಯಿತು.

ಇಲ್ಲಿ ಸ್ವಲ್ಪ ಹಿಂದಿನ ಮಾತನ್ನು ಹೇಳಬೇಕಾಗುತ್ತದೆ. ಪಹಣಿಯಲ್ಲಿ 9ನೇ ಕಾಲಂ ಮಾಲೀಕನದು. 12ನೇ ಕಾಲಂನಲ್ಲಿ ಸಾಗುವಳಿ ಮಾಡುವವನ ಹೆಸರು, ಸಾಗುವಳಿಯ ರೀತಿ, ಬೆಳೆಯ ವಿವರ ಬರೆಯಬೇಕು. ಮಣ್ಣು ಒಬ್ಬನದು, ಬೆವರು ಇನ್ನೊಬ್ಬನದು ಆಗಿರಬಹುದೆಂದು ನಮ್ಮ ಕಂದಾಯದ ಹಿರಿಯರಿಗೆ ಚೆನ್ನಾಗಿಯೇ ಗೊತ್ತಿತ್ತು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಉಳುತ್ತಿದ್ದ ಜಮೀನಿನ ಹಕ್ಕು ಕೋರುವ ಅರ್ಜಿಯಾದ ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರಿಗೆ ಆಸರೆಯಾದ ದಾಖಲೆಗಳಲ್ಲಿ ಈ 12ನೇ ಕಾಲಂ ಮುಖ್ಯವಾದದ್ದು. ಉಳುವವನೇ ಹೊಲದೊಡೆಯನಾದ ಆ ದೊಡ್ಡ ಕೆಲಸದಿಂದ ನಮ್ಮ ಮನೆತನವೂ ಉದ್ಧಾರವಾಗಿದೆ. ನಾನು ಇಂದು ಮಾಲೀಕನೆನಿಸಿಕೊಂಡಿರುವ ಜಮೀನು ನಮ್ಮ ತಾತ ಗೇಣಿಗೆ ಉಳುತ್ತಿದ್ದ ಜಮೀನು. ಆದರೆ ಅಂದಿನಿಂದ ಜಮೀನನ್ನು ಗುತ್ತಿಗೆಗೆ ಕೊಡುವುದನ್ನೇ ಕಾಯ್ದೆ ನಿಷೇಧಿಸಿತು. ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ ವಿನಾಯಿತಿ ಉಳಿಯಿತು. ನಿಷೇಧವಾದರೆ ಗುತ್ತಿಗೆ ನಿಲ್ಲುತ್ತದೆಯೇ? ಮಕ್ಕಳು ಪಟ್ಟಣ ಸೇರಿದ ಮನೆಗಳು, ನನ್ನ ಹಾಗೆ ನೌಕರಿಯಲ್ಲಿ ಆಯುಷ್ಯ ಕಳೆದವರು, ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಜಮೀನನ್ನು ವಾರಕ್ಕೋ (ಬೆಳೆ ಹಂಚಿಕೊಳ್ಳುವ ಕರಾರಿಗೋ) ಗುತ್ತಿಗೆಗೋ ಕೊಡುತ್ತಲೇ ಬಂದರು. ಕಾಗದ ಮಾತ್ರ ಇಲ್ಲವಾಯಿತು. 12ನೇ ಕಾಲಂನಲ್ಲಿ ಗುತ್ತಿಗೆದಾರನ ಹೆಸರು ಬೀಳದಂತೆ ಮಾಲೀಕರು ಕಣ್ಣಿಟ್ಟು ಕಾದರು, ಅಲ್ಲಿಯೂ ಮಾಲೀಕನ ಹೆಸರೇ ತುಂಬಿತು. ಗೇಣಿದಾರನನ್ನು ಕಾಪಾಡಲು ಬಂದ ಕಾಯ್ದೆಯೇ ಮುಂದಿನ ಪೀಳಿಗೆಯ ಗೇಣಿದಾರನನ್ನು ದಾಖಲೆಯಿಂದ ಅಳಿಸಿಹಾಕಿತು. 2020ರಲ್ಲಿ, ಅದೇ ಲಾಕ್‌ಡೌನ್ ವರ್ಷದಲ್ಲಿ, ಈ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಲಾಯಿತು. ಜಮೀನು ಕೊಳ್ಳುವವನಿಗಾಗಿ ಕಾಯ್ದೆಯನ್ನು ಅಷ್ಟು ಬೇಗ ತಿದ್ದಲು ಸಾಧ್ಯವಾದಾಗ, ಉಳುವವನಿಗಾಗಿ ಒಂದು ಕಲಮನ್ನು ತಿದ್ದಲು ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ.

ಬೇರೆಯವರು ಇದನ್ನು ಹೇಗೆ ಮಾಡಿದರು ಎಂದು ಹುಡುಕಿದಾಗ ಅಮೆರಿಕದ ಹಳ್ಳಿಗಾಡಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳ) ವಿಷಯ ತಿಳಿಯಿತು. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿವರಿಸಿ ಹೇಳಿದ. ಅಲ್ಲಿನ ಕೃಷಿ ಇಲಾಖೆ 2020ರ ಏಪ್ರಿಲ್ 17ರಂದು 1,900 ಕೋಟಿ ಡಾಲರ್‌ನ ಕೊರೋನಾ ಆಹಾರ ನೆರವು ಕಾರ್ಯಕ್ರಮ ಪ್ರಕಟಿಸಿ, ಅದರಲ್ಲಿ 1,600 ಕೋಟಿ ಡಾಲರನ್ನು ರೈತರಿಗೆ ನೇರವಾಗಿ ಕೊಡಲು ಇಟ್ಟಿತು. ಮೇ 26ರಿಂದ ಕೌಂಟಿ ಮಟ್ಟದ ಕೃಷಿ ಸೇವಾ ಕಚೇರಿಗಳು ಅರ್ಜಿ ತೆಗೆದುಕೊಂಡವು. ಅಲ್ಲಿ ಕೇಳಿದ ಪ್ರಶ್ನೆ ಜಮೀನು ಯಾರದು ಎಂಬುದಲ್ಲ, ಬೆಳೆಯ ನಷ್ಟದ ಹೊರೆ ಯಾರದು ಎಂಬುದು. ಬೆಳೆಯಲ್ಲಿ ಪಾಲೂ ಅದರ ಅಪಾಯದಲ್ಲಿ ಪಾಲೂ ಇರುವವನು ಮಾಲೀಕನಾಗಲಿ, ಗೇಣಿದಾರನಾಗಲಿ, ವಾರಕ್ಕೆ ಮಾಡುವವನಾಗಲಿ, ಅರ್ಹ. ಬರೀ ನಗದು ಗುತ್ತಿಗೆ ತೆಗೆದುಕೊಂಡು ಕೂತ ಮಾಲೀಕ ಅರ್ಹನಲ್ಲ. ಆ ನಿಯಮದ ಪ್ರಕಾರ ನನಗೆ ಒಂದು ಕಾಸೂ ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ನರ್ಸರಿ ಗಿಡಗಳನ್ನೂ ಕತ್ತರಿಸಿ ಮಾರುವ ಹೂಗಳನ್ನೂ ಆಗಸ್ಟ್‌ನಲ್ಲಿ ಸೇರಿಸಿದರು. ಅರ್ಜಿದಾರ ತನ್ನ ವಿವರಗಳನ್ನು ತಾನೇ ದೃಢೀಕರಿಸಿ ಸಹಿ ಮಾಡಿದರೆ ಸಾಕಿತ್ತು, ದಾಖಲೆಗಳ ತಪಾಸಣೆ ಆಮೇಲೆ. ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಅಲ್ಲಿನ ಜನ ನೋಡಬಹುದು. ಎಲ್ಲವೂ ಅನುಕರಣೀಯವೆಂದು ನಾನು ಹೇಳುತ್ತಿಲ್ಲ. ಒಬ್ಬ ವ್ಯಕ್ತಿಗೆ 2,50,000 ಡಾಲರ್‌ವರೆಗೂ ಕೊಡಬಹುದಾಗಿದ್ದ ಆ ವ್ಯವಸ್ಥೆಯಲ್ಲಿ ದೊಡ್ಡ ಜಮೀನಿನವರಿಗೆ ದೊಡ್ಡ ಪಾಲು ಹೋಯಿತು, ನಮ್ಮ ಒಂದು ಹೆಕ್ಟೇರಿನ ಮಿತಿ ಅದಕ್ಕಿಂತ ಎಷ್ಟೋ ಮೇಲು. ನಾನು ಮೆಚ್ಚುವುದು ಆ ಒಂದು ಪ್ರಶ್ನೆಯನ್ನು ಮಾತ್ರ.

ಅಷ್ಟು ದೂರ ಏಕೆ, ನಮ್ಮ ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳಿಂದ ಬಸ್ಸು ಹತ್ತಿದರೆ ಸಿಗುವ ಹಿಂದೂಪುರ, ಮದನಪಲ್ಲಿಗಳಲ್ಲಿ ಗೇಣಿದಾರನಿಗೆ ಅವನನ್ನು ಸಾಗುವಳಿದಾರನೆಂದು ಗುರುತಿಸುವ ಕಾರ್ಡ್ ಇದೆ. ಆಂಧ್ರಪ್ರದೇಶ 2011ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿತ್ತು. 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ತಂದು, ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಕಾರ್ಡ್ ಕೊಟ್ಟಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಗೇಣಿದಾರರಿಗೆ ರೈತರಿಗೆ ನಗದು ನೆರವು ನೀಡುವ ರೈತು ಭರೋಸಾ ಯೋಜನೆಯ 13,500 ರೂಪಾಯಿ ಕೊಟ್ಟಿತು. ಆ ಕಾರ್ಡ್‌ಗೆ ಮಾಲೀಕನ ಸಹಿ ಬೇಕಾಗಿದ್ದರಿಂದ ಸಹಿ ಹಾಕಲು ಒಪ್ಪದ ಮಾಲೀಕರ ಮುಂದೆ ಅನೇಕರು ಕೈಕಟ್ಟಿ ನಿಲ್ಲಬೇಕಾಯಿತು ಎಂಬುದೂ ನಿಜ. ನಾವು ಮಾಡುವಾಗ ಆ ಕೊರತೆಯನ್ನು ತುಂಬಿಕೊಳ್ಳಬಹುದು. ಕೇಂದ್ರದ ನೀತಿ ಆಯೋಗವೂ 2016ರಲ್ಲಿ ಮಾದರಿ ಕೃಷಿ ಭೂಮಿ ಗುತ್ತಿಗೆ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿದೆ. ಮಾಲೀಕನ ಹಕ್ಕಿಗೆ ಧಕ್ಕೆಯಾಗದಂತೆ ಗುತ್ತಿಗೆದಾರನಿಗೆ ಸಾಲ, ವಿಮೆ, ವಿಕೋಪ ಪರಿಹಾರ ಸಿಗುವಂತೆ ಮಾಡುವುದೇ ಅದರ ಉದ್ದೇಶ.

ಮಾಲೀಕರ ಭಯವನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಅಜ್ಜಿ ಇದ್ದಾರೆ. ಮಕ್ಕಳಿಲ್ಲ, ಎರಡು ಎಕರೆಯ ಗುತ್ತಿಗೆ ಹಣವೇ ಅವರ ಪಿಂಚಣಿ. ಗುತ್ತಿಗೆದಾರನ ಹೆಸರನ್ನು ಎಲ್ಲಾದರೂ ಬರೆಸಿದರೆ ನಾಳೆ ಜಮೀನೇ ಕೈಬಿಟ್ಟುಹೋದೀತು ಎಂದು ಅವರು ಹೆದರುತ್ತಾರೆ. ಐವತ್ತು ವರ್ಷಗಳ ಹಿಂದೆ ಕಣ್ಣಾರೆ ಕಂಡದ್ದರಿಂದ ಬಂದ ಹೆದರಿಕೆ ಅದು. ಆದ್ದರಿಂದಲೇ ಈ ದಾಖಲೆ ಮಾಲೀಕತ್ವದ ದಾಖಲೆಯಾಗಬಾರದು. ಆ ಒಂದು ಹಂಗಾಮಿನ ಬೆಳೆಗೆ, ಅದರ ನಷ್ಟಕ್ಕೆ ಮಾತ್ರ ಸೀಮಿತವಾಗಿರಬೇಕು. ಇದರಿಂದ ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಕಾಯ್ದೆಯಲ್ಲೇ ಸ್ಪಷ್ಟವಾಗಿ ಬರೆಯಬೇಕು.

ದಾರಿ ಕಷ್ಟದ್ದೇನೂ ಅಲ್ಲ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರವೇ ರೈತರು ತಮ್ಮ ಬೆಳೆಯ ವಿವರವನ್ನು ತಾವೇ ದಾಖಲಿಸಬಹುದಾದ ಬೆಳೆ ಸಮೀಕ್ಷೆಯ ಆ್ಯಪ್ ತಂದಿತು. ಅದರಲ್ಲಿ ಮಾಲೀಕನ ಹೆಸರಿನ ಕೆಳಗೆ ಈ ಹಂಗಾಮಿನ ಸಾಗುವಳಿದಾರ ಎಂಬ ಒಂದು ಜಾಗ ತೆರೆಯಲಿ. ಸಮೀಕ್ಷೆಯ ಹುಡುಗ ಅಕ್ಕಪಕ್ಕದ ಹೊಲದವರನ್ನು ಕೇಳಿ ಆ ಹೆಸರನ್ನು ಬರೆದುಕೊಳ್ಳಲಿ. ಯಾರ ಹೊಲವನ್ನು ಯಾರು ಮಾಡುತ್ತಿದ್ದಾರೆಂಬುದು ಹಳ್ಳಿಯಲ್ಲಿ ಗುಟ್ಟಿನ ವಿಷಯವಲ್ಲ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟು, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಮಾಲೀಕನ ಸಹಿಯನ್ನು ಕಡ್ಡಾಯ ಮಾಡುವುದು ಬೇಡ, ಆಕ್ಷೇಪಣೆ ಹೇಳುವ ಹಕ್ಕು ಅವನಿಗಿದ್ದರೆ ಸಾಕು. ಪರಿಹಾರ ಬಿಡುಗಡೆಯಾದ ಮೇಲೆ ಯಾರಿಗೆ ಎಷ್ಟು ಜಮೆಯಾಯಿತೆಂಬ ಪಟ್ಟಿಯೂ ಅದೇ ಗೋಡೆಯ ಮೇಲೆ ಬರಲಿ. ವಾರಕ್ಕೆ ಮಾಡುವ ಕಡೆ, ಎಂದರೆ ಬೆಳೆಯನ್ನು ಇಬ್ಬರೂ ಹಂಚಿಕೊಳ್ಳುವ ಕಡೆ, ಪರಿಹಾರವನ್ನೂ ಅದೇ ಪಾಲಿನಲ್ಲಿ ಇಬ್ಬರ ಖಾತೆಗೂ ಹಾಕಬಹುದು.

ಕೊರೋನಾ ಮುಗಿದ ಮೇಲೆ ಇದರ ಅಗತ್ಯ ತೀರಿತು ಎಂದುಕೊಳ್ಳುವಂತಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ರಾಜ್ಯದ ಹಣ ಮೊದಲು ರೈತನೊಬ್ಬನಿಗೆ 2,000 ರೂಪಾಯಿವರೆಗೆ ಬಂದು, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಕೇಂದ್ರದಿಂದ 3,454 ಕೋಟಿ ರೂಪಾಯಿ ಬಿಡುಗಡೆಯಾದಾಗ, ಆ ಹಣವೂ ನನ್ನಂಥವರ ಖಾತೆಗಳಿಗೇ ಬಂದು ಬಿದ್ದಿತು. ಕೊರೋನಾ ಕಾಲದಲ್ಲಿ ಅವಸರಕ್ಕೆ ಹಿಡಿದ ದಾರಿಯೇ ಈಗ ಎಲ್ಲ ಪರಿಹಾರದ ಹೆದ್ದಾರಿಯಾಗಿದೆ.

ಗುತ್ತಿಗೆಗೆ ಕೊಟ್ಟಿರುವುದು ಕಾಯ್ದೆಯ ಕಣ್ಣಿನಲ್ಲಿ ತಪ್ಪೆಂದು ತಿಳಿದೇ ಇದನ್ನು ಬರೆದಿದ್ದೇನೆ. ಈ ಕಾರಣಕ್ಕೆ ನನ್ನ ಹೆಸರನ್ನು ಸದ್ಯಕ್ಕೆ ಪ್ರಕಟಿಸಬಾರದೆಂದು ಕೋರುತ್ತೇನೆ. ಕಂದಾಯ ಮತ್ತು ಕೃಷಿ ಸಚಿವರು ಮುಂದಿನ ಹಂಗಾಮಿನ ಸಮೀಕ್ಷೆಗೆ ಮುನ್ನ ಸಾಗುವಳಿದಾರನ ಹೆಸರಿಗೆ ಆ ಒಂದು ಜಾಗವನ್ನು ತೆರೆಯುವುದಾದರೆ, ನಮ್ಮ ಪಂಚಾಯಿತಿಯಲ್ಲಿ ಮೊದಲು ಹೋಗಿ, ನನ್ನ ಜಮೀನನ್ನು ಉಳುತ್ತಿರುವವರು ಇವರೇ ಎಂದು ಹೆಸರು ಹೇಳಿ ಸಹಿ ಹಾಕಲು ನಾನು ಸಿದ್ಧನಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ,
ಚಿಕ್ಕಬಳ್ಳಾಪುರ ಜಿಲ್ಲೆ
(ಹೆಸರು, ವಿಳಾಸ ಸಂಪಾದಕರಲ್ಲಿದೆ)